ಕಲಬುರಗಿಯ ಜಾಮಾ ಮಸೀದಿ ಕೊರ್ಡೋಬಾದ ಪ್ರತಿರೂಪ ಎಂಬ ಮಾತಿಗೆ ಆಧಾರವಿದೆಯೇ?

ಬಿಸಿಲನಾಡಿನವ (ಚರ್ಚೆ ಆರಂಭಿಸಿದವರು)

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯ ಬಗ್ಗೆ ಯಾವ ಪ್ರವಾಸಿ ಕೈಪಿಡಿಯನ್ನು ತೆರೆದರೂ, ಅದು ಸ್ಪೇನ್ ದೇಶದ ಕೊರ್ಡೋಬಾ ನಗರದ ಮಹಾಮಸೀದಿಯ ಮಾದರಿಯಲ್ಲಿ ಕಟ್ಟಿದ್ದು ಎಂಬ ಸಾಲು ತಪ್ಪದೆ ಸಿಗುತ್ತದೆ. ಶಾಲೆಯ ಮಕ್ಕಳು ಪ್ರಬಂಧದಲ್ಲಿ ಇದನ್ನೇ ಬರೆಯುತ್ತಾರೆ. ಮನೆಗೆ ಬಂದ ನೆಂಟರನ್ನು ಕೋಟೆಗೆ ಕರೆದುಕೊಂಡು ಹೋದಾಗ ನಾವೂ ಇದನ್ನೇ ಹೇಳಿ ಹೆಮ್ಮೆಪಡುತ್ತೇವೆ. ಆದರೆ ಕೊರ್ಡೋಬಾವನ್ನು ಕಂಡು ಬಂದು ಇಲ್ಲಿ ಕಟ್ಟಿಸಿದವರು ಯಾರು, ಆ ನಕ್ಷೆ ಯಾವ ದಾರಿಯಿಂದ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವವರಿಲ್ಲ.

ನನಗೆ ತಿಳಿದಷ್ಟನ್ನು ಮೊದಲು ಇಡುತ್ತೇನೆ. 1347ರಲ್ಲಿ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಹಿಡಿತದಿಂದ ದಖ್ಖನ್ ಕಳಚಿಕೊಂಡಾಗ ಅಲಾವುದ್ದೀನ್ ಹಸನ್ ಬಹಮನ್ ಷಾ ಪಟ್ಟಕ್ಕೇರಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡನು. ಅವನ ಮಗ ಒಂದನೆಯ ಮಹಮ್ಮದ್ ಷಾನ ಕಾಲಕ್ಕೆ, ಅಂದರೆ 1367ಕ್ಕೆ, ಸೇರಿದ ಶಾಸನವೊಂದು ಈ ಮಸೀದಿಯಲ್ಲಿದೆ. ಕಟ್ಟಿದವನ ಹೆಸರು ಮನ್ಸೂರನ ಮಗ ಶಮ್ಸ್, ಅವನ ಮಗ ರಫಿ, ಖಜ್ವೀನ್ ಊರಿನವನು ಎಂದು ಅದು ಹೇಳುತ್ತದೆ. ಖಜ್ವೀನ್ ಇರುವುದು ಇರಾನಿನ ಉತ್ತರ ಭಾಗದಲ್ಲಿ. ಸ್ಪೇನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಕಟ್ಟಡ ಪೂರ್ವ ಪಶ್ಚಿಮವಾಗಿ 216 ಅಡಿ, ಉತ್ತರ ದಕ್ಷಿಣವಾಗಿ 176 ಅಡಿ ಇದೆ. ಸುಮಾರು 38,000 ಚದರಡಿಯ ಈ ಜಾಗವೆಲ್ಲ ಸೂರಿನ ಅಡಿಯಲ್ಲಿದ್ದು, ಭಾರತದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳ ಇಲ್ಲಿ ಇಲ್ಲವೇ ಇಲ್ಲ. ನಡುವೆ 63 ಸಣ್ಣ ಗುಮ್ಮಟಗಳು, ನಾಲ್ಕು ಮೂಲೆಗಳಲ್ಲಿ ನಾಲ್ಕು, ಪಶ್ಚಿಮದಲ್ಲಿ ಮೆಹರಾಬಿನ (ನಮಾಜಿನ ದಿಕ್ಕನ್ನು ತೋರುವ ಗೋಡೆಯ ಗೂಡಿನ) ಮುಂದೆ ಎತ್ತರದ ಚೌಕ ಪೀಠದ ಮೇಲೆ ಒಂದು ದೊಡ್ಡ ಗುಮ್ಮಟ. ಮಿನಾರುಗಳಿಲ್ಲ. ಅಂಗಳವಿಲ್ಲದಿರುವುದೇ ಕೊರ್ಡೋಬಾದ ಕಥೆ ಹುಟ್ಟಲು ಕಾರಣವೆಂದು ನನ್ನ ಊಹೆ. ಎರಡನ್ನೂ ಕಂಡವರು, ಕಟ್ಟಡವಿದ್ಯೆ ಬಲ್ಲವರು ದಯವಿಟ್ಟು ವಿವರಿಸಬೇಕು.


ಸೆವಿಲ್ಯಾ ಕನ್ನಡಿಗ

ಕೆಲಸದ ನಿಮಿತ್ತ ಅಂದಾಲುಸಿಯಾ ಪ್ರಾಂತ್ಯದಲ್ಲಿ ನೆಲೆಸಿರುವುದರಿಂದ ಕೊರ್ಡೋಬಾಕ್ಕೆ ಆಗಾಗ ಹೋಗುತ್ತಿರುತ್ತೇನೆ. ಕಲಬುರಗಿಯದನ್ನು ವಿದ್ಯಾರ್ಥಿಯಾಗಿದ್ದಾಗಲೇ ನೋಡಿದ್ದೇನೆ. ತಾವು ಊಹಿಸಿದ್ದಕ್ಕೆ ಒಂದು ತೊಡಕಿದೆ, ಸರ್. ಕೊರ್ಡೋಬಾದ ಮಸೀದಿಗೆ ಅಂಗಳವಿದೆ. ಅದೂ ಸಣ್ಣದಲ್ಲ: ಕಟ್ಟಡದ ಉತ್ತರ ಭಾಗವನ್ನೆಲ್ಲ ಆಕ್ರಮಿಸಿರುವ, ಸಾಲುಸಾಲಾಗಿ ಕಿತ್ತಳೆ ಗಿಡಗಳನ್ನು ನೆಟ್ಟು ಆ ಗಿಡಗಳ ಹೆಸರಿನಿಂದಲೇ ಕರೆಯುವ ವಿಶಾಲವಾದ ಅಂಗಳ. ಆದ್ದರಿಂದ ಅಂಗಳವಿಲ್ಲ ಎಂಬ ಕಾರಣದಿಂದ ಕಲಬುರಗಿಯನ್ನು ಕೊರ್ಡೋಬಾಕ್ಕೆ ಹೋಲಿಸಿದವರು ಎರಡರಲ್ಲಿ ಒಂದನ್ನಂತೂ ನೋಡಿರಲಾರರು.

ಅಲ್ಲಿನ ಮಸೀದಿ ಒಬ್ಬ ಅರಸನು ಒಮ್ಮೆಗೇ ಕಟ್ಟಿಸಿದ್ದಲ್ಲ. ಒಂದನೆಯ ಅಬ್ದುರ್ ರಹಮಾನ್ 785ರ ಸುಮಾರಿಗೆ ಆರಂಭಿಸಿದ ಕಟ್ಟಡವನ್ನು 9ನೇ ಶತಮಾನದಲ್ಲಿ ಎರಡನೆಯ ಅಬ್ದುರ್ ರಹಮಾನ್ ದಕ್ಷಿಣಕ್ಕೆ ಬೆಳೆಸಿದನು. 960ರ ದಶಕದಲ್ಲಿ ಎರಡನೆಯ ಅಲ್ ಹಕಮ್ ಇನ್ನಷ್ಟು ಮುಂದುವರಿಸಿ, ಬೈಜಾಂಟಿಯಮ್ಮಿನಿಂದ ಕುಶಲಕರ್ಮಿಯನ್ನೂ ಚಿನ್ನದ ಲೇಪದ ಗಾಜಿನ ಹರಳುಗಳನ್ನೂ ತರಿಸಿ ಮೆಹರಾಬನ್ನು ಅಲಂಕರಿಸಿದನು. ಕೊನೆಯ ವಿಸ್ತರಣೆ 987ರ ಹೊತ್ತಿಗೆ ಅಲ್ ಮನ್ಸೂರ್ ಎಂಬ ಪ್ರಬಲ ಮಂತ್ರಿಯದು. ದಕ್ಷಿಣಕ್ಕೆ ನದಿ ಹತ್ತಿರವಾದ್ದರಿಂದ ಅವನು ಪೂರ್ವಕ್ಕೆ ಚಾಚಬೇಕಾಯಿತು. ಹೀಗಾಗಿ ಮೆಹರಾಬು ಕಟ್ಟಡದ ನಡುರೇಖೆಯಿಂದ ಸರಿದು ಒಂದು ಬದಿಗೆ ಉಳಿಯಿತು.

ಹತ್ತಿರದಿಂದ ನೋಡಿದರೆ ಗೊತ್ತಾಗುವ ಒಂದು ಸಂಗತಿ ಹೇಳುತ್ತೇನೆ. ಅಲ್ಲಿನ ಕಮಾನುಗಳಲ್ಲಿ ಕೆಂಪು ಬಿಳಿ ಪಟ್ಟೆಗಳು ಪ್ರಸಿದ್ಧವಷ್ಟೆ. ಹಳೆಯ ಭಾಗದಲ್ಲಿ ಕೆಂಪು ಎಂಬುದು ನಿಜವಾದ ಇಟ್ಟಿಗೆ, ಬಿಳಿ ಎಂಬುದು ಕಲ್ಲು. ಇಟ್ಟಿಗೆಗಳ ನಡುವಿನ ಗಾರೆಯ ಗೆರೆಗಳನ್ನು ಕಣ್ಣಾರೆ ಕಾಣಬಹುದು. ಅಲ್ ಮನ್ಸೂರನ ಭಾಗಕ್ಕೆ ಬಂದರೆ ಕಮಾನು ಪೂರ್ತಿ ಕಲ್ಲಿನದೇ ಆಗಿದ್ದು, ಕೆಂಪು ಪಟ್ಟೆಗಳನ್ನು ಬಣ್ಣ ಬಳಿದು ತೋರಿಸಲಾಗಿದೆ. ದೂರದಿಂದ ಎರಡೂ ಒಂದೇ. ಇಷ್ಟು ದೊಡ್ಡ ರಾಜ್ಯದ ಇಷ್ಟು ದೊಡ್ಡ ಕಟ್ಟಡದಲ್ಲೂ ಕೊನೆಗೆ ಇಂಥ ಉಳಿತಾಯದ ಉಪಾಯ ಬಂತಲ್ಲ ಎಂದು ನನಗೆ ಪ್ರತಿ ಸಲ ಸೋಜಿಗವಾಗುತ್ತದೆ.

ಇನ್ನು ಕಾಲದ ಮಾತು. 1236ರಲ್ಲಿ ಮೂರನೆಯ ಫರ್ಡಿನಾಂಡ್ ಕೊರ್ಡೋಬಾವನ್ನು ಗೆದ್ದು ಮಸೀದಿಯನ್ನು ಕ್ರೈಸ್ತ ದೇವಾಲಯವಾಗಿ ಮಾಡಿದನು. 1523ರ ನಂತರ ನಡುವೆಯೇ ದೊಡ್ಡ ಇಗರ್ಜಿಯೊಂದನ್ನು ಎಬ್ಬಿಸಿದರು. ಕಲಬುರಗಿಯ ಶಾಸನದ ವರ್ಷವಾದ 1367ರಲ್ಲಿ ಅದು ಮಸೀದಿಯಾಗಿ ಉಳಿದಿರದೆ 131 ವರ್ಷಗಳಾಗಿದ್ದವು. ಆಗ ಅಂದಾಲುಸಿಯಾದಲ್ಲಿ ಮುಸ್ಲಿಮರ ಕೈಯಲ್ಲಿದ್ದುದು ಗ್ರಾನಡಾ ರಾಜ್ಯ ಮಾತ್ರ. ಅಲ್ಲಿನ ಅರಮನೆಯಾದ ಅಲ್ಹಂಬ್ರಾದ ಸಿಂಹಗಳ ಅಂಗಳವನ್ನು ಐದನೆಯ ಮಹಮ್ಮದ್ ಕಟ್ಟಿಸಿದ್ದು ಹೆಚ್ಚುಕಡಿಮೆ ನಮ್ಮ ಒಂದನೆಯ ಮಹಮ್ಮದ್ ಷಾ ಆಳುತ್ತಿದ್ದ ಕಾಲದಲ್ಲೇ. ಸ್ಪೇನಿನಿಂದ ಯಾರಾದರೂ ಆಗ ಹೊಸ ವಿಚಾರ ಹೊತ್ತು ಬಂದಿದ್ದರೆ ಅದು ಅಲ್ಹಂಬ್ರಾದ ಹಾಗೆ ಇರಬೇಕಿತ್ತು.


ಗಾರೆ ಮತ್ತು ಕಲ್ಲು

ನಾನು ಸಿವಿಲ್ ಎಂಜಿನಿಯರ್; ಹಳೆಯ ಕಟ್ಟಡಗಳ ದುರಸ್ತಿಯ ಕೆಲಸದಲ್ಲಿ ತೊಡಗಿರುವವನು. ರೂಪವನ್ನು ಬದಿಗಿಟ್ಟು, ಭಾರ ನೆಲಕ್ಕೆ ಇಳಿಯುವ ದಾರಿಯನ್ನು ಹಿಡಿದು ನೋಡಿದರೆ ಈ ಎರಡು ಕಟ್ಟಡಗಳು ಬೇರೆ ಬೇರೆ ಜಾತಿಯವು.

ಕೊರ್ಡೋಬಾದಲ್ಲಿ ಹೊದಿಸಿರುವುದು ಮರದ ಸೂರು. ಉದ್ದುದ್ದ ಸಾಲುಗಳು, ಒಂದೊಂದು ಸಾಲಿಗೂ ಅದರದೇ ಇಳಿಜಾರಿನ ಛಾವಣಿ, ಎರಡು ಇಳಿಜಾರುಗಳು ಕೂಡುವಲ್ಲಿ ಗೋಡೆಯ ನೆತ್ತಿಯ ಮೇಲೆ ನೀರು ಹರಿಯುವ ದೋಣಿ. ಮೊದಲ ಹಂತದಲ್ಲಿ ಬಳಸಿದ ಕಂಬಗಳು ರೋಮನರ ಮತ್ತು ವಿಸಿಗೋಥರ ಕಾಲದ ಹಳೆಯ ಕಟ್ಟಡಗಳಿಂದ ತಂದವು. ಅವು ತೆಳ್ಳಗೆ, ಗಿಡ್ಡಗೆ ಇದ್ದುದರಿಂದ ಅಷ್ಟು ದೊಡ್ಡ ಸಭಾಂಗಣಕ್ಕೆ ಬೇಕಾದ ಎತ್ತರ ಬರುತ್ತಿರಲಿಲ್ಲ. ಅದಕ್ಕಾಗಿ ಕಂಬದ ಮೇಲೆ ಇನ್ನೊಂದು ಚೌಕದ ಕಂಬ ನಿಲ್ಲಿಸಿ, ಎರಡು ಅಂತಸ್ತಿನ ಕಮಾನು ಕಟ್ಟಿದರು. ಮೇಲಿನ ಕಮಾನು ಸೂರನ್ನು ಹೊರುತ್ತದೆ. ಕೆಳಗಿನ ಲಾಳಾಕಾರದ ಕಮಾನಿನ ಮೇಲೆ ಏನೂ ಇಲ್ಲ, ಕಂಬಗಳು ಅತ್ತಿತ್ತ ವಾಲದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಮೆರಿದಾ ಊರಿನ ರೋಮನ್ ಮೇಲ್ಗಾಲುವೆಯಲ್ಲಿ ಇದೇ ರೀತಿ ಒಂದರ ಮೇಲೊಂದು ಕಮಾನುಗಳೂ ಇಟ್ಟಿಗೆ ಕಲ್ಲುಗಳ ಪಟ್ಟೆಗಳೂ ಇರುವುದನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಕಲಬುರಗಿಯಲ್ಲಿ ಮರದ ಮಾತೇ ಇಲ್ಲ. ಗುಮ್ಮಟ ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲದೆ ಹೊರಕ್ಕೂ ದೂಡುತ್ತದೆ. ಒಂದೇ ಅಳತೆಯ ಗುಮ್ಮಟಗಳನ್ನು ಚೌಕದ ಮನೆಗಳಲ್ಲಿ (ನಾಲ್ಕು ಕಂಬಗಳ ನಡುವಿನ ಜಾಗಗಳಲ್ಲಿ) ಒತ್ತಾಗಿ ಜೋಡಿಸಿದಾಗ ಅಕ್ಕಪಕ್ಕದವು ಒಂದನ್ನೊಂದು ದೂಡಿ ಆ ಒತ್ತಡ ಪರಸ್ಪರ ವಜಾ ಆಗುತ್ತದೆ. ಉಳಿಯುವುದು ಅಂಚಿನ ಸಾಲಿನ ಚಿಂತೆ. ಅಂಚಿನಲ್ಲಿ ಮೂರು ಕಡೆ ಅಗಲವಾದ ಪಡಸಾಲೆಗಳನ್ನು ಕಟ್ಟಿ, ಅವುಗಳಿಗೆ ದಪ್ಪ ಕಂಬಗಳನ್ನೂ ಬಹಳ ಅಗಲದ ಕಮಾನುಗಳನ್ನೂ ಕೊಟ್ಟಿರುವುದು ಈ ದೃಷ್ಟಿಯಿಂದ ಜಾಣತನ. ಆ ಪಡಸಾಲೆಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಗೆ ಕಣ್ಣು ಹಾಯಿಸಿ ನೋಡಿ. ಕಮಾನು ಹುಟ್ಟುವುದು ನೆಲದಿಂದ ತೀರ ಕಡಿಮೆ ಎತ್ತರದಲ್ಲಿ; ಎಲ್ಲಿ ಕಂಬ ಮುಗಿದು ಎಲ್ಲಿ ಕಮಾನು ಆರಂಭವಾಯಿತೆಂದು ಹೇಳುವುದೇ ಕಷ್ಟ. ಗಾರೆಯ ಮೇಲೆ ಕೆತ್ತನೆ ಇಲ್ಲ, ಬಣ್ಣವಿಲ್ಲ, ಬರಿಯ ಬಿಳುಪು. ಕಮಾನಿನ ಗೆರೆಯೊಂದನ್ನೇ ನಂಬಿ ಕಟ್ಟಿದ ಇಂಥ ಕೆಲಸ ಆ ಕಾಲದ ದಖ್ಖನಿನಲ್ಲಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಬೆಳಕೂ ಅಷ್ಟೆ. ಕೊರ್ಡೋಬಾದ ಒಳಗೆ ಮೊದಲು ಬೆಳಕು ಬರುತ್ತಿದ್ದುದು ಮುಖ್ಯವಾಗಿ ಅಂಗಳದ ಕಡೆಯಿಂದ. ಕಲಬುರಗಿಯಲ್ಲಿ ಪಶ್ಚಿಮವೊಂದನ್ನು ಬಿಟ್ಟು ಉಳಿದ ಮೂರು ಬದಿಗಳ ಕಮಾನುಗಳಿಂದಲೂ ದೊಡ್ಡ ಗುಮ್ಮಟದ ಚೌಕ ಪೀಠದ ಕಿಂಡಿಗಳಿಂದಲೂ ಬರುತ್ತದೆ. ಮೇ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಗಾಳಿಯಾಡುತ್ತದೆ, ಕಣ್ಣು ಕುಕ್ಕುವುದಿಲ್ಲ. ನಮ್ಮ ಹವೆಗೆ ಇಷ್ಟು ಹೊಂದುವ ವಿನ್ಯಾಸವನ್ನು ಮುಂದೆ ಬಿಜಾಪುರದವರೂ ಅನುಸರಿಸಲಿಲ್ಲ. 1578ರ ಅಲ್ಲಿನ ಜಾಮಾ ಮಸೀದಿಗೆ ಮತ್ತೆ ತೆರೆದ ಅಂಗಳವೇ ಬಂತು.


ಹಳೆಯ ನಕಾಶೆ

ಮೇಲಿನ ಎರಡು ಬರಹಗಳೂ ಮಾಹಿತಿಪೂರ್ಣವಾಗಿವೆ. ಆದರೂ ಹೋಲಿಕೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮಾದರಿ ಎಂದರೆ ಕಲ್ಲಿಗೆ ಕಲ್ಲು ನಕಲು ಮಾಡಿದ್ದೆಂದು ಅರ್ಥ ಮಾಡಿಕೊಂಡರೆ ಯಾವ ಎರಡು ಕಟ್ಟಡಗಳಿಗೂ ಸಂಬಂಧ ಹೇಳಲಾಗದು. ಒಂದೇ ಬಗೆಯ ಚೌಕದ ಮನೆಗಳನ್ನು ಎಲ್ಲ ದಿಕ್ಕಿಗೂ ಹಬ್ಬಿಸುತ್ತಾ ಹೋಗುವುದು, ಒಳಗೆ ನಿಂತವನಿಗೆ ಕೊನೆಯೇ ಕಾಣದಂತೆ ಮಾಡುವುದು, ಮೆಹರಾಬಿನ ಮುಂದೆ ಮಾತ್ರ ಸೂರನ್ನು ಎತ್ತರಿಸಿ ಗುಮ್ಮಟ ಇರಿಸಿ ಆ ಜಾಗದ ಘನತೆಯನ್ನು ಸಾರುವುದು, ಇವೆಲ್ಲ ಎರಡರಲ್ಲೂ ಇವೆ. ಕೊರ್ಡೋಬಾದ ಮೆಹರಾಬಿನ ಮುಂದಿನ ಗುಮ್ಮಟಗಳಲ್ಲಿ ಪಕ್ಕೆಲುಬುಗಳಂತಹ ಕಮಾನುಗಳು ಒಂದನ್ನೊಂದು ಹಾಯ್ದು ನಕ್ಷತ್ರವನ್ನು ರಚಿಸುವುದನ್ನು ಕಂಡವರು ಮರೆಯುವುದಿಲ್ಲ. ಮಧ್ಯಯುಗದ ಇಸ್ಲಾಮೀ ಜಗತ್ತಿನಲ್ಲಿ ವ್ಯಾಪಾರಿಗಳು, ಯಾತ್ರಿಕರು, ಪಂಡಿತರು ಸುತ್ತಾಡುತ್ತಲೇ ಇದ್ದರು. ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ದೆಹಲಿಗೆ ಬಂದು ಖಾಜಿಯಾಗಿದ್ದು, ದೌಲತಾಬಾದನ್ನೂ ನಮ್ಮ ಕರಾವಳಿಯ ಹೊನ್ನಾವರವನ್ನೂ ಕಂಡು ಹೋದದ್ದು ಬಹಮನಿ ರಾಜ್ಯ ಹುಟ್ಟುವ ಕೆಲವೇ ವರ್ಷಗಳ ಮುಂಚೆ. ಹಾಗಿರುವಾಗ ವಿಚಾರ ತಲುಪಿರಲಿಕ್ಕೆ ಸಾಧ್ಯವೇ ಇಲ್ಲವೆಂದು ಹೇಗೆ ಹೇಳುವುದು?


ಬಿಸಿಲನಾಡಿನವ

ಸಾಧ್ಯವಿಲ್ಲವೆಂದು ಯಾರೂ ಹೇಳಿಲ್ಲ, ಸರ್. ಸಾಧ್ಯತೆಯೇ ಬೇರೆ, ಆಧಾರವೇ ಬೇರೆ. ತಾವು ಹೇಳಿದ ಮೂರು ಲಕ್ಷಣಗಳು ಕೊರ್ಡೋಬಾದ ಸೊತ್ತೂ ಅಲ್ಲ. ಕಂಬಗಳ ಸಾಲು ಹಬ್ಬಿರುವ ಸಭಾಂಗಣ, ಮೆಹರಾಬಿನ ಮುಂದೆ ಎತ್ತರದ ಗುಮ್ಮಟ ಎಂಬುದು ತುನಿಸಿಯಾದ ಕೈರುವಾನಿನಲ್ಲೂ 9ನೇ ಶತಮಾನದಲ್ಲೇ ಇದೆ. ಇಷ್ಟು ವ್ಯಾಪಕವಾದ ಲಕ್ಷಣವನ್ನು ಹಿಡಿದು ಒಂದು ಊರನ್ನು ಮಾತ್ರ ಹೆಸರಿಸುವುದೇಕೆ? ಕೊರ್ಡೋಬಾ ಯುರೋಪಿಯನ್ನರಿಗೆ ಗೊತ್ತಿದ್ದ ಮಸೀದಿ. ನಮ್ಮ ಕಟ್ಟಡಗಳ ಬಗ್ಗೆ ಇಂಗ್ಲಿಷಿನಲ್ಲಿ ಮೊದಲು ಬರೆದವರು ತಮಗೆ ಗೊತ್ತಿದ್ದುದಕ್ಕೆ ಹೋಲಿಸಿದರು, ನಾವು ಹೋಲಿಕೆಯನ್ನು ವಂಶಾವಳಿ ಮಾಡಿಕೊಂಡೆವು ಎಂದು ನನಗೆ ತೋರುತ್ತದೆ.


ಶಾಸನಪ್ರಿಯೆ

ಎಲ್ಲರೂ 1367ರ ಶಾಸನವನ್ನು ಬುನಾದಿಯಾಗಿಟ್ಟುಕೊಂಡು ವಾದಿಸುತ್ತಿದ್ದೀರಿ. ಅದರ ಮೇಲೇ ಪ್ರಶ್ನೆ ಎದ್ದಿರುವುದನ್ನು ಇಲ್ಲಿ ಹೇಳಲೇಬೇಕು.

ಶಾಸನವು ಕಟ್ಟಡದ ಮೂಲ ಸ್ಥಾನದಲ್ಲೇ ಇದೆಯೇ, ಬೇರೊಂದು ಮಸೀದಿಯಿಂದ ತಂದು ಇಲ್ಲಿ ಕೂಡಿಸಿದ್ದೇ ಎಂಬ ಅನುಮಾನ ವಿದ್ವಾಂಸರಲ್ಲಿದೆ. ಬಹಮನಿ ಕಾಲದ ಕಟ್ಟಡಗಳನ್ನು ದೀರ್ಘಕಾಲ ಅಭ್ಯಾಸ ಮಾಡಿದ ಹೆಲೆನ್ ಫಿಲನ್ ಅವರು ಇನ್ನೂ ಮುಂದೆ ಹೋಗಿ, ಈ ಕಟ್ಟಡ ಮೂಲದಲ್ಲಿ ಮಸೀದಿಯೇ ಅಲ್ಲ, 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿ ಕಟ್ಟಿಸಿದ ಒಡ್ಡೋಲಗದ ಸಭಾಂಗಣ ಎಂದು ವಾದಿಸಿದ್ದಾರೆ. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನಿಗೆ ಹಜಾರ್ ಸುತೂನ್ ಎಂಬ ಸಾವಿರ ಕಂಬದ ದರ್ಬಾರು ಇತ್ತು. ಅದರ ಕಂಬಗಳು ಬಣ್ಣ ಬಳಿದ ಮರದವು ಎಂದು ಇಬ್ನ್ ಬತೂತಾ ಬರೆದಿದ್ದಾನೆ. ದೆಹಲಿಯಿಂದ ಬೇರೆಯಾದ ಅರಸರು ದೆಹಲಿಯ ವೈಭವವನ್ನು ಬಿಟ್ಟುಕೊಡಲಿಲ್ಲ, ಅಂಥದ್ದನ್ನೇ ಕಲ್ಲು ಗಾರೆಯಲ್ಲಿ ಕಟ್ಟಿದರು ಎಂಬುದು ಆ ವಾದದ ತಿರುಳು. ಅಂಗಳವಿಲ್ಲದಿರುವುದು, ಮಿನಾರು ಇಲ್ಲದಿರುವುದು, ಕೋಟೆಯ ಒಳಗೆ ಬಾಲಾ ಹಿಸಾರ್ ಎಂಬ ಎತ್ತರದ ಒಳಕೋಟೆಯ ಸಮೀಪದಲ್ಲೇ ನಿಂತಿರುವುದು, ಇವೆಲ್ಲಕ್ಕೂ ಆಗ ಒಂದೇ ಏಟಿಗೆ ವಿವರಣೆ ಸಿಗುತ್ತದೆ.

ಹಾಗಾದರೆ ರಾಜಧಾನಿಯ ಜನ ಶುಕ್ರವಾರದ ನಮಾಜು ಎಲ್ಲಿ ಮಾಡುತ್ತಿದ್ದರು ಎಂದು ಕೇಳಬಹುದು. ಕೋಟೆಯ ಹೊರಗೆ ಶಾಹ್ ಬಜಾರ್ ಮಸೀದಿ ಇದೆ. ಅದು ಒಂದನೆಯ ಮಹಮ್ಮದ್ ಷಾನ ಕಾಲದ್ದೆಂದೇ ಹೇಳುತ್ತಾರೆ. ಗುಮ್ಮಟವಿರುವ ಹೆಬ್ಬಾಗಿಲು, ಅದನ್ನು ದಾಟಿದರೆ ತೆರೆದ ಅಂಗಳ, ಅದರಾಚೆ ಸಣ್ಣ ಗುಮ್ಮಟಗಳ ಸಭಾಂಗಣ, ಎಲ್ಲವೂ ತುಘಲಕರ ದೆಹಲಿಯ ಪದ್ಧತಿಗೆ ಸರಿಯಾಗಿವೆ. ಊರಿನ ನಿಜವಾದ ದೊಡ್ಡ ಮಸೀದಿ ಅದೇ ಆಗಿತ್ತೆಂದರೆ ಆಶ್ಚರ್ಯವಿಲ್ಲ. ಕಲಬುರಗಿಗೆ ಹೋದವರು ಕೋಟೆ, ಬಂದೇ ನವಾಜ್ ದರ್ಗಾ, ಬಹಮನಿ ಅರಸರ ಗೋರಿಗಳಿರುವ ಹಫ್ತ್ ಗುಂಬಜ್ ನೋಡಿ ಬರುತ್ತಾರೆಯೇ ಹೊರತು ಶಾಹ್ ಬಜಾರಿನ ಕಡೆ ಹೋಗುವವರು ಅಪರೂಪ. ಈ ಚರ್ಚೆಗೆ ಮಾತ್ರ ಅದನ್ನು ನೋಡದೆ ಗತ್ಯಂತರವಿಲ್ಲ.

ಇನ್ನೊಂದು ಮಾತು. ಫಿರೋಜ್ ಷಾನ ಎದುರಾಳಿಗಳಾದ ವಿಜಯನಗರದ ಅರಸರ ರಾಜಾಂಗಣದಲ್ಲೂ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಕಂಬಗಳ ಸಭಾಂಗಣವಿತ್ತು. ಹಂಪಿಯಲ್ಲಿ ಈಗ ಅದರ ಜಗತಿಯೂ ಕಂಬ ನಿಲ್ಲಿಸಿದ ಗುರುತುಗಳೂ ಉಳಿದಿವೆ. ಕಂಬಗಳ ಕಾಡಿನ ನಡುವೆ ಅರಸ ಕೂರುವುದು ಆ ಕಾಲದ ದಖ್ಖನಿನಲ್ಲಿ ಎರಡೂ ಕಡೆಯವರಿಗೆ ರೂಢಿಯಾಗಿತ್ತೆಂದು ಇದರಿಂದ ತಿಳಿಯುತ್ತದೆ.


ಗಾರೆ ಮತ್ತು ಕಲ್ಲು

ಮೇಡಂ, ಈ ವಾದ ನನಗೆ ಹೊಸದು, ಆಕರ್ಷಕವೂ ಹೌದು. ಆದರೆ ಕಟ್ಟಡ ಬೇರೆ ಮಾತು ಹೇಳುತ್ತದೆ. ಮೂರು ಬದಿ ತೆರೆದು ಪಶ್ಚಿಮವನ್ನು ಮಾತ್ರ ಮುಚ್ಚಿದ್ದಾರೆ. ದೊಡ್ಡ ಗುಮ್ಮಟವನ್ನು ನಡುವೆ ಇಡದೆ ಪಶ್ಚಿಮದ ಗೋಡೆಗೆ ಒತ್ತಿ ಇರಿಸಿದ್ದಾರೆ. ಭಾರತದಲ್ಲಿ ಕಿಬ್ಲಾದ, ಅಂದರೆ ನಮಾಜಿನಲ್ಲಿ ಮುಖ ಮಾಡಬೇಕಾದ ಮೆಕ್ಕಾದ, ದಿಕ್ಕು ಪಶ್ಚಿಮ. ಇಷ್ಟು ನೇರವಾದ ಸೂಚನೆ ಇರುವಾಗ ಮೆಹರಾಬು ಆಮೇಲೆ ಸೇರಿದ್ದೆಂದು ಒಪ್ಪುವುದು ಕಷ್ಟ. ಕೋಟೆಯ ಒಳಗಿನ ಅರಮನೆಯವರಿಗೂ ಕಾವಲು ದಂಡಿಗೂ ಬೇರೆಯೇ ಮಸೀದಿ ಕಟ್ಟಿದ್ದರೆ ಅದಕ್ಕೆ ಎತ್ತರದ ಮಿನಾರು ಬೇಕೆಂದೇನೂ ಇಲ್ಲ.


ಶಾಸನಪ್ರಿಯೆ

ಸಿಂಹಾಸನಕ್ಕೂ ಬೆನ್ನಿಗೊಂದು ಗೋಡೆ ಬೇಕು, ಸರ್. ಅರಸನ ತಲೆಯ ಮೇಲೆಯೂ ಗುಮ್ಮಟ ಎದ್ದು ಕಾಣಬೇಕು. ತಾವು ಕೊಟ್ಟ ಎರಡೂ ಸೂಚನೆಗಳು ದರ್ಬಾರಿಗೂ ಹೊಂದುತ್ತವೆ. ಪಶ್ಚಿಮ ದಿಕ್ಕೊಂದೇ ತಮ್ಮ ಪಕ್ಷದಲ್ಲಿ ಗಟ್ಟಿಯಾಗಿ ನಿಲ್ಲುವ ವಾದ, ಅದನ್ನು ಒಪ್ಪುತ್ತೇನೆ. ನನ್ನ ಮಟ್ಟಿಗೆ ಪ್ರಶ್ನೆ ಇನ್ನೂ ತೆರೆದಿದೆ.


ಬೀದರಿನ ಬಾವಿ

ಚರ್ಚೆ ಖಜ್ವೀನಿನ ರಫಿಯನ್ನು ಮರೆತು ಮುಂದೆ ಹೋಗುತ್ತಿದೆ. ಶಾಸನ ಎಲ್ಲಿಯದೇ ಆಗಿರಲಿ, 1367ರ ಹೊತ್ತಿಗೆ ಇರಾನಿನ ಕಟ್ಟಡಗಾರನೊಬ್ಬ ಬಹಮನಿ ರಾಜ್ಯದಲ್ಲಿ ಹೆಸರು ಕೆತ್ತಿಸಿಕೊಳ್ಳುವಷ್ಟು ಗೌರವ ಪಡೆದಿದ್ದನಲ್ಲ, ಅದು ಮುಖ್ಯ.

ರಫಿಯ ಊರಿನ ಜಾಮಾ ಮಸೀದಿಯಲ್ಲಿ 12ನೇ ಶತಮಾನದ ಆರಂಭದ ಸೆಲ್ಜುಕ್ ಗುಮ್ಮಟವಿದೆ. ಖಜ್ವೀನಿನಿಂದ ಪಶ್ಚಿಮಕ್ಕೆ ಹೋದರೆ ಸುಲ್ತಾನಿಯಾ. ಅಲ್ಲಿ ಮಂಗೋಲ ಅರಸ ಒಲ್ಜೈತು 1302ರಿಂದ 1312ರವರೆಗೆ ಕಟ್ಟಿಸಿದ ಸಮಾಧಿಯ ಎಂಟು ಮೂಲೆಯ ಕಟ್ಟಡ ಸುಮಾರು 50 ಮೀಟರ್ ಎತ್ತರದ ಇಟ್ಟಿಗೆ ಗುಮ್ಮಟವನ್ನು ಹೊತ್ತು ನಿಂತಿದೆ. ಇಸ್ಫಹಾನಿನ ಜಾಮಾ ಮಸೀದಿಯಲ್ಲಿ ಮಂತ್ರಿ ನಿಜಾಮುಲ್ ಮುಲ್ಕ್ 1086ರ ಸುಮಾರಿಗೆ ಮೆಹರಾಬಿನ ಮುಂದೆ ಕಟ್ಟಿಸಿದ ಗುಮ್ಮಟವೂ, ಅವನ ಪ್ರತಿಸ್ಪರ್ಧಿ ತಾಜುಲ್ ಮುಲ್ಕ್ 1088ರಲ್ಲಿ ಉತ್ತರಕ್ಕೆ ಕಟ್ಟಿಸಿದ ಗುಮ್ಮಟವೂ ಎದುರುಬದುರು ನಿಂತಿವೆ. ಎರಡನೆಯದು ಚಿಕ್ಕದಾದರೂ ಅಳತೆಯ ಹೊಂದಿಕೆಯಲ್ಲಿ ಮೊದಲನೆಯದನ್ನು ಮೀರಿಸಿತೆಂದು ಬಲ್ಲವರ ತೀರ್ಪು. ಮಂತ್ರಿಗಳ ಹೊಟ್ಟೆಕಿಚ್ಚಿನಿಂದ ಲೋಕಕ್ಕೆ ಇಷ್ಟು ಒಳ್ಳೆಯದಾದದ್ದು ಅಪರೂಪ. ಗುಮ್ಮಟಗಳನ್ನು ಜೋಡಿಸುವುದು, ಚೌಕದ ಮೇಲೆ ಮೂಲೆಕಮಾನುಗಳನ್ನಿಟ್ಟು ಅದನ್ನು ಎಂಟು ಮೂಲೆಗೆ, ಆಮೇಲೆ ದುಂಡಿಗೆ ತಿರುಗಿಸುವುದು, ಮರವಿಲ್ಲದೆ ಅಗಲವಾದ ಜಾಗವನ್ನು ಮುಚ್ಚುವುದು, ಇವೆಲ್ಲ ಅಲ್ಲಿನವರಿಗೆ ಕರತಲಾಮಲಕವಾಗಿದ್ದವು. ಕಲಬುರಗಿಯ ಕಮಾನಿನ ಧೈರ್ಯಕ್ಕೆ ಮೂಲ ಹುಡುಕುವುದಾದರೆ ಈ ದಿಕ್ಕಿನಲ್ಲಿ ಹುಡುಕಬೇಕು.

ಹಾಗೆಂದು ಇರಾನೇ ಎಲ್ಲಕ್ಕೂ ಉತ್ತರವಲ್ಲ. ಇಸ್ಫಹಾನಿನ ಮಸೀದಿಗೆ ನಾಲ್ಕು ಬದಿಗೂ ಎತ್ತರದ ಕಮಾನುಮೊಗಸಾಲೆಗಳಿರುವ ಭಾರಿ ಅಂಗಳವಿದೆ. ಇರಾನಿನ ನಕ್ಷೆ ಇದ್ದಂತೆಯೇ ಬಂದರೆ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ಬೀದರಿಗೆ ಬನ್ನಿ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಪ್ರಧಾನಿಯ ಪದವಿಗೇರಿದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸದಲ್ಲಿ ನಡುವೆ ಅಂಗಳ, ನಾಲ್ಕು ಬದಿಗೂ ಮೊಗಸಾಲೆ, ಸುತ್ತ ಮೂರು ಅಂತಸ್ತಿನಲ್ಲಿ ವಿದ್ಯಾರ್ಥಿಗಳ ಕೋಣೆಗಳು, ಮೂಲೆಯಲ್ಲಿ ಮಿನಾರು, ಎಲ್ಲವೂ ಇವೆ. ಪೂರ್ವದ ಗೋಡೆಯ ಮೇಲೆ ನೀಲಿ, ಹಳದಿ, ಬಿಳಿ, ಹಸಿರು ಬಣ್ಣದ ಮೆರುಗಿನ ಬಿಲ್ಲೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. 1696ರಲ್ಲಿ ಮೊಗಲರ ವಶದಲ್ಲಿದ್ದಾಗ ಒಳಗಿನ ಸಿಡಿಮದ್ದಿಗೆ ಬೆಂಕಿ ತಗುಲಿ ಮುಂಭಾಗದ ಬಹುಪಾಲು ಸಿಡಿದುಹೋಯಿತು. ಗವಾನನಿಗಾದರೋ ಕಟ್ಟಿಸಿದ ಒಂಬತ್ತೇ ವರ್ಷಕ್ಕೆ, 1481ರಲ್ಲಿ, ವಿರೋಧಿಗಳು ಹುಟ್ಟಿಸಿದ ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನನಿಂದ ಶಿರಚ್ಛೇದವಾಯಿತು.

ಕಲಬುರಗಿಯ ಕಟ್ಟಡದಲ್ಲಿ ಇಂಥ ಬಿಲ್ಲೆ ಒಂದೂ ಇಲ್ಲ, ಇಟ್ಟಿಗೆಯ ಅಲಂಕಾರವೂ ಇಲ್ಲ. ಇರಾನಿನ ಲೆಕ್ಕಾಚಾರ, ದೆಹಲಿ ತುಘಲಕರ ದಪ್ಪ ಗೋಡೆಯ ಸರಳತೆ, ದಖ್ಖನಿನ ಕಲ್ಲು ಮತ್ತು ಗಾರೆ, ಈ ಮೂರೂ ಬೆರೆತಿವೆ.

ಗುಮ್ಮಟದ ಒಳಮೈ ಹೇಗಿರುತ್ತದೆಂದು ತಿಳಿಯುವ ಆಸೆಯಿದ್ದವರು ಬೀದರಿನ ಹತ್ತಿರದ ಅಷ್ಟೂರಿಗೂ ಹೋಗಬೇಕು. ಅಲ್ಲಿ ಹುಮಾಯೂನ್ ಷಾ ಬಹಮನಿಯ ಗೋರಿಯ ಗುಮ್ಮಟ ಸಿಡಿಲು ಬಡಿದು ಒಡೆದಿದೆ. ಅದರ ಗೋಡೆಯ ದಪ್ಪ, ಒಳಗಿನ ಕಲ್ಲು ಇಟ್ಟಿಗೆಗಳ ವರಸೆ, ಎಲ್ಲವನ್ನೂ ಕೊಯ್ದಿಟ್ಟ ಹಣ್ಣಿನಂತೆ ನೋಡಬಹುದು.


ಅಂಗಳವಿಲ್ಲದ ಮನೆ

ಅಂಗಳವಿಲ್ಲದ ಬಹುಗುಮ್ಮಟದ ಮಸೀದಿ ಲೋಕದಲ್ಲಿ ಇದೊಂದೇ ಅಲ್ಲ ಎಂಬುದನ್ನೂ ಸೇರಿಸಬೇಕು. ತುರ್ಕಿಯ ಬುರ್ಸಾದಲ್ಲಿ ಒಂದನೆಯ ಬಾಯಜೀದ್ 1396ರಿಂದ 1400ರೊಳಗೆ ಕಟ್ಟಿಸಿದ ಉಲು ಜಾಮಿಗೆ 20 ಗುಮ್ಮಟಗಳಿವೆ, ಹೊರಗೆ ಅಂಗಳವಿಲ್ಲ. ಒಳಗೇ ನಡುವಿನ ಒಂದು ಗುಮ್ಮಟಕ್ಕೆ ನೆತ್ತಿಯಲ್ಲಿ ಬೆಳಕಿಂಡಿ ಬಿಟ್ಟು ಅದರ ಕೆಳಗೆ ವಜೂ ಮಾಡುವ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ) ಕಾರಂಜಿ ಇರಿಸಿದ್ದಾರೆ. ಅನತೋಲಿಯಾದಲ್ಲಿ ಹಿಮ ಬೀಳುತ್ತದೆ, ತೆರೆದ ಅಂಗಳ ಚಳಿಗಾಲದಲ್ಲಿ ನಿರುಪಯೋಗಿ. 1228ರ ದಿವ್ರಿಗಿ ಮಸೀದಿಯನ್ನೂ ಇದೇ ಕಾರಣಕ್ಕೆ ಮುಚ್ಚಿ ಕಟ್ಟಿದರು. ಬಾಂಗ್ಲಾದೇಶದ ಬಾಗೇರ್‌ಹಾಟಿನ ಷಾಟ್ ಗುಂಬಜ್ 15ನೇ ಶತಮಾನದ್ದು. ಅದರ ಸೂರಿನ ಮೇಲೆ 77 ಗುಮ್ಮಟಗಳಿವೆ. ಅಲ್ಲಿ ಕಾರಣ ಮಳೆ. ದೆಹಲಿಯ ಖಿರ್ಕಿ ಮಸೀದಿ ತುಘಲಕರ ಕಾಲದ್ದೇ. ಬಹುಪಾಲು ಮುಚ್ಚಿದ್ದರೂ ನಾಲ್ಕು ಸಣ್ಣ ಅಂಗಳಗಳನ್ನು ಬೆಳಕಿಗಾಗಿ ಬಿಟ್ಟಿದ್ದಾರೆ. ಹಿಮಕ್ಕೆ ಅಂಜಿ, ಮಳೆಗೆ ಅಂಜಿ ಸೂರು ಹೊದಿಸಿದವರಿರುವಾಗ ಕಲಬುರಗಿಯ ಬಿಸಿಲಿಗೆ ಅಂಜಿ ಹೊದಿಸಿದರೆಂಬುದು ಅತಿ ಸರಳವಾದ ವಿವರಣೆ. ಅದು ಶಾಹ್ ಬಜಾರಿನವರಿಗೆ ಏಕೆ ಹೊಳೆಯಲಿಲ್ಲ ಎಂದು ಕೇಳಿದರೆ ಮಾತ್ರ ನನ್ನ ಬಳಿ ಉತ್ತರವಿಲ್ಲ.


ಹಳೆಯ ನಕಾಶೆ

ಖಿರ್ಕಿಯ ಹೋಲಿಕೆ ಕೊರ್ಡೋಬಾದ ಹೋಲಿಕೆಗಿಂತ ಹತ್ತಿರದ್ದು, ಕಾಲದಲ್ಲೂ ದಾರಿಯಲ್ಲೂ. ಅದನ್ನು ಮುಂದಿಟ್ಟ ಮೇಲೆ ನಾನು ಸ್ಪೇನಿನವರೆಗೆ ಹೋಗಬೇಕಾದ ಅಗತ್ಯ ಕಾಣುವುದಿಲ್ಲ. ಆದರೆ ದರ್ಬಾರಿನ ವಾದವನ್ನು ಪರೀಕ್ಷಿಸುವ ಬಗೆ ಯಾವುದು?


ಶಾಸನಪ್ರಿಯೆ

ಎರಡು ಬಗೆಯಲ್ಲಿ ಪರೀಕ್ಷಿಸಬಹುದು. ಮೊದಲನೆಯದು ಮೆಹರಾಬಿನ ಸುತ್ತಲಿನ ಕಲ್ಲಿನ ಬೆಸುಗೆ. ಗೋಡೆಯನ್ನು ಎಬ್ಬಿಸುವಾಗಲೇ ಮೆಹರಾಬನ್ನು ಕಟ್ಟಿದ್ದರೆ ಕಲ್ಲಿನ ವರಸೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆಮೇಲೆ ಕೊರೆದು ಕೂಡಿಸಿದ್ದರೆ ನೇರವಾದ ಬಿರುಕುಗೆರೆ ಸಿಗುತ್ತದೆ. ಗಾರೆಯ ಹೊದಿಕೆ ಇರುವುದರಿಂದ ಇದು ಬರಿಗಣ್ಣಿಗೆ ಕಾಣದು, ಪುರಾತತ್ವ ಇಲಾಖೆಯವರ ಸಲಕರಣೆಗಳೇ ಬೇಕು. ಸಂರಕ್ಷಿತ ಸ್ಮಾರಕವಾದ್ದರಿಂದ ನಮ್ಮ ನಿಮ್ಮಂಥವರು ಗೋಡೆಯ ಗಾರೆ ಕೆರೆಯುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಎರಡನೆಯದನ್ನು ನಾವೇ ಮಾಡಬಹುದು. ಫಿರೋಜ್ ಷಾನ ಗೋರಿ ಹಫ್ತ್ ಗುಂಬಜಿನಲ್ಲಿದೆ, ಅದರ ಕಾಲ 1422ರ ಆಸುಪಾಸು ಎಂಬುದರಲ್ಲಿ ವಿವಾದವಿಲ್ಲ. ಜಾಮಾ ಮಸೀದಿ ಅವನದೇ ಆಗಿದ್ದರೆ ಕಮಾನಿನ ಬಾಗು, ಮೂಲೆಕಮಾನಿನ ಆಕಾರ, ಗುಮ್ಮಟದ ಬುಡದ ಪಟ್ಟಿ ಇವುಗಳಲ್ಲಿ ಎರಡಕ್ಕೂ ಹತ್ತಿರದ ಸಂಬಂಧ ಕಾಣಬೇಕು. ಒಂದನೆಯ ಮಹಮ್ಮದನದಾಗಿದ್ದರೆ ಶಾಹ್ ಬಜಾರ್ ಮಸೀದಿಗೆ ಹತ್ತಿರವಿರಬೇಕು. ಗೋರಿಯ ಒಳಗಿನ ಗಾರೆ ಅಲಂಕಾರ ಸಮೃದ್ಧವಾಗಿದೆ, ಮಸೀದಿಯ ಒಳಗು ಬರಿದು. ಆದ್ದರಿಂದ ಅಲಂಕಾರವನ್ನು ಬಿಟ್ಟು ಕಮಾನಿನ ಗೆರೆಯನ್ನಷ್ಟೇ ಹೋಲಿಸಬೇಕಾಗುತ್ತದೆ.


ಬಿಸಿಲನಾಡಿನವ

ಮೂರೂ ನನ್ನ ಮನೆಯಿಂದ ದೂರವಿಲ್ಲ. ಕಮಾನುಗಳನ್ನು ಎದುರಿನಿಂದ, ಒಂದೇ ಎತ್ತರದಿಂದ, ಅಳತೆಗೋಲು ಪಕ್ಕದಲ್ಲಿ ಇರಿಸಿ ಚಿತ್ರ ತೆಗೆದು ಇಲ್ಲಿ ಹಾಕುತ್ತೇನೆ. "ಗಾರೆ ಮತ್ತು ಕಲ್ಲು" ಅವರು ಅವುಗಳ ಗೆರೆ ಎಳೆದು ಒಂದರ ಮೇಲೊಂದು ಇಟ್ಟು ತೋರಿಸುವುದಾದರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.


ಗಾರೆ ಮತ್ತು ಕಲ್ಲು

ಖಂಡಿತ ಮಾಡುತ್ತೇನೆ. ಒಂದು ಕೋರಿಕೆ: ಪಡಸಾಲೆಯ ಅಗಲ ಕಮಾನುಗಳನ್ನೂ ಒಳಗಿನ ಚೌಕದ ಮನೆಗಳ ಕಮಾನುಗಳನ್ನೂ ಬೇರೆ ಬೇರೆಯಾಗಿ ತೆಗೆಯಿರಿ, ಏಕೆಂದರೆ ಅವೆರಡರ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಒಂದೇ ಅಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಪೂರ್ವದ ಬೆಳಕು ಒಳಗಿನವರೆಗೆ ಬರುವಾಗ ತೆಗೆದರೆ ಗೆರೆ ಸ್ಪಷ್ಟವಾಗಿ ಸಿಗುತ್ತದೆ.